ಮರುಭೂಮಿಯ ಮದ್ದು ಬೀಜದಿಂದ ಬಂದೀತೇ?

ಮರುಭೂಮಿಯ ಯಾವುದಾದರೂ ಗಿಡದಲ್ಲಿ ಔಷಧಿ ಗುಣವಿದೆ ಎಂಬ ಸುದ್ದಿ ಪೇಟೆಗೆ ಮುಟ್ಟಿತೆಂದರೆ ಆ ಗಿಡಕ್ಕೆ ಕಷ್ಟಕಾಲ ಶುರುವಾಯಿತೆಂದೇ ತಿಳಿಯಬೇಕು. ವರ್ಷವರ್ಷಕ್ಕೂ ಕೊಂಚಕೊಂಚವೇ ಬೆಳೆದು, ಬಿಸಿಲು ಬರ ಎರಡನ್ನೂ ತಾಳಿಕೊಂಡು ನಿಂತದ್ದು ಒಂದೇ ಬೆಳಗಿನಲ್ಲಿ ಗೋಣಿಚೀಲ ಸೇರುತ್ತದೆ. ಗಿಡ ಅಪರೂಪವಾದ ಮೇಲೆ ಸರ್ಕಾರ, ವಿಜ್ಞಾನಿಗಳು, ಕಂಪನಿಗಳು, ತಾರಸಿ ತೋಟದ ಹವ್ಯಾಸಿಗಳು ಎಲ್ಲರೂ ಹೇಳುವ ಪರಿಹಾರ ಒಂದೇ: ಬೀಜದಿಂದ ಬೆಳೆಸೋಣ, ಬೆಟ್ಟದ ಗಿಡವನ್ನು ಅದರ ಪಾಡಿಗೆ ಬಿಡೋಣ. ದಕ್ಷಿಣ ಆಫ್ರಿಕದಲ್ಲಿ, ಅಮೆರಿಕದಲ್ಲಿ, ನಮ್ಮ ದೇಶದಲ್ಲಿ ಇದನ್ನು ಮಾಡಿ ನೋಡಿದವರ ಅನುಭವ ಈಗ ಸಾಕಷ್ಟು ಸೇರಿದೆ. ಬಿತ್ತಿದ ಗಿಡ ಬೆಟ್ಟದ ಗಿಡವನ್ನು ನಿಜಕ್ಕೂ ಉಳಿಸಿದೆಯೇ ಎಂಬುದನ್ನು ಒಟ್ಟಿಗೆ ಇಟ್ಟು ನೋಡಬಹುದು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಬೀಜ ಉಳಿಸಬಲ್ಲದು, ಆದರೆ ಬೇಡಿಕೆ ಹುಟ್ಟುವುದಕ್ಕಿಂತ ಮೊದಲೇ ಬಿತ್ತಿರಬೇಕು.

ಇದಕ್ಕೆ ಹೂಡಿಯಾ ಗೋರ್ಡೋನಿಯೈಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ದಕ್ಷಿಣ ಆಫ್ರಿಕದ ನಾರ್ದರ್ನ್ ಕೇಪ್, ನಮೀಬಿಯಾ ಕಡೆಯ ಒಣನೆಲದ ಗಿಡ ಅದು. ಎಲೆಯಿಲ್ಲ. ಸಾಲುಸಾಲಾಗಿ ಮುಳ್ಳು ಹೊತ್ತ ದಪ್ಪ ಕಾಂಡಗಳು ಬುಡದಿಂದಲೇ ಗುಂಪಾಗಿ ಏಳುತ್ತವೆ. ನೋಡಿದವರು ಪಾಪಸುಕಳ್ಳಿ ಎಂದುಕೊಳ್ಳುತ್ತಾರೆ, ಆದರೆ ಕುಟುಂಬದ ಲೆಕ್ಕದಲ್ಲಿ ಅದು ನಮ್ಮ ಎಕ್ಕದ ಬಂಧು. ಹೂ ಅಗಲ, ಚಪ್ಪಟೆ, ಮಾಂಸದ ಬಣ್ಣ. ವಾಸನೆಯೂ ಕೊಳೆತ ಮಾಂಸದ್ದೇ. ಆ ವಾಸನೆಗೆ ಮುತ್ತುವ ನೊಣಗಳಿಂದ ಪರಾಗಸ್ಪರ್ಶ ಆಗುತ್ತದೆ. ಕಲಹಾರಿಯ ಸ್ಯಾನ್ ಜನ ಬೇಟೆಗೆ ಹೋದಾಗ ಇದರ ಕಾಂಡ ಕತ್ತರಿಸಿ, ಮುಳ್ಳು ಹೆರೆದು ಅಗಿಯುತ್ತಿದ್ದರು. ಹಸಿವೂ ಬಾಯಾರಿಕೆಯೂ ಅಡಗುತ್ತವೆ ಎಂಬುದು ತಲೆಮಾರುಗಳಿಂದ ಬಂದ ತಿಳಿವಳಿಕೆ.

ದಕ್ಷಿಣ ಆಫ್ರಿಕದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್ 1960ರ ದಶಕದಲ್ಲಿ ಈ ಗಿಡವನ್ನು ಪ್ರಯೋಗಾಲಯಕ್ಕೆ ತಂದಿತು. ಪಿ57 ಎಂದು ಹೆಸರಾದ, ಹಸಿವು ತಗ್ಗಿಸುವ ಸಂಯುಕ್ತಕ್ಕೆ 1995ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿತು. ಬ್ರಿಟನ್ನಿನ ಫೈಟೋಫಾರ್ಮ್ ಕಂಪನಿಗೆ ಹಕ್ಕು ಹೋಯಿತು. ಅಲ್ಲಿಂದ ಅದು ಅಮೆರಿಕದ ಫೈಜರ್‌ಗೆ ದಾಟಿತು. ಇಷ್ಟೆಲ್ಲ ಆಗುವಾಗ ಸ್ಯಾನ್ ಜನರನ್ನು ಕೇಳಿದವರಿಲ್ಲ. 2001ರಲ್ಲಿ ಸಂಗತಿ ಪತ್ರಿಕೆಗಳಲ್ಲಿ ಬಂದಾಗ, ಆ ಜನಾಂಗ ಉಳಿದೇ ಇಲ್ಲವೆಂದು ತಿಳಿದಿದ್ದೆವು ಎಂಬ ಅರ್ಥದ ಉತ್ತರ ಫೈಟೋಫಾರ್ಮ್ ಕಡೆಯಿಂದ ಬಂತು. ಬದುಕಿರುವ ಸುಮಾರು ಒಂದು ಲಕ್ಷ ಜನರನ್ನು ಕುರಿತು ಆಡಿದ ಮಾತದು. ವಕೀಲ ರೋಜರ್ ಶೆನೆಲ್ಸ್ ಅವರ ನೆರವಿನಿಂದ ಸ್ಯಾನ್ ಮಂಡಳಿ ಹೋರಾಡಿ 2003ರ ಮಾರ್ಚ್‌ನಲ್ಲಿ ಒಪ್ಪಂದ ಮಾಡಿಕೊಂಡಿತು. ಸಿಎಸ್‌ಐಆರ್‌ಗೆ ಬರುವ ಹಂತಹಂತದ ಪಾವತಿಯಲ್ಲಿ ಶೇ. 8, ರಾಯಧನದಲ್ಲಿ ಶೇ. 6 ಸ್ಯಾನ್ ಜನರಿಗೆ ಎಂದು ಬರೆದುಕೊಂಡದ್ದಾಯಿತು. ಅದೇ ವರ್ಷ ಫೈಜರ್ ಕೈಬಿಟ್ಟಿತು, ಮುಂದಿನ ವರ್ಷ ಯೂನಿಲಿವರ್ ಕೈಹಿಡಿಯಿತು.

ಬಿತ್ತನೆಯ ದೃಷ್ಟಿಯಿಂದ ಮುಖ್ಯವಾದದ್ದು 2004. ಆ ವರ್ಷ ಅಮೆರಿಕದ ಸಿಬಿಎಸ್ ವಾಹಿನಿ ಹೂಡಿಯಾ ಬಗ್ಗೆ ಕಾರ್ಯಕ್ರಮ ಮಾಡಿತು. ತೂಕ ಇಳಿಸುವ ಮಾತ್ರೆಗಳ ಮಾರುಕಟ್ಟೆ ಹುಚ್ಚೆದ್ದಿತು. ಹೂಡಿಯಾ ನೆಟ್ಟ ತೋಟಗಳ ಸಸಿಗಳು ಆಗಿನ್ನೂ ಎಳೆಯವು. ಬೀಜದಿಂದ ಬಂದ ಹೂಡಿಯಾ ಕೊಯ್ಲಿಗೆ ಬರಲು ಹಲವು ವರ್ಷ ಬೇಕು. ಮಾತ್ರೆ ಮಾರುವವರಿಗೆ ಹಲವು ವಾರ ಕಾಯುವ ತಾಳ್ಮೆಯೂ ಇರಲಿಲ್ಲ. ಹಾಗಾಗಿ ಬೆಟ್ಟದ ಗಿಡಗಳನ್ನು ಕದ್ದು ಕತ್ತರಿಸಿದರು. ಅದೂ ಸಾಲದಾದಾಗ ಕಳ್ಳಿಗಳ ಪುಡಿಯನ್ನೇ ಹೂಡಿಯಾ ಎಂದು ಡಬ್ಬಿಗೆ ತುಂಬಿದರು. ಅದೇ ವರ್ಷ ಬ್ಯಾಂಕಾಕ್‌ನಲ್ಲಿ ಸೇರಿದ ಸೈಟಿಸ್ ಸಮ್ಮೇಳನ, ಅಂದರೆ ಅಪಾಯದಲ್ಲಿರುವ ಪ್ರಾಣಿ ಸಸ್ಯಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದದ ದೇಶಗಳ ಸಭೆ, ಹೂಡಿಯಾದ ಎಲ್ಲ ಪ್ರಭೇದಗಳನ್ನೂ ಎರಡನೇ ಪಟ್ಟಿಗೆ ಸೇರಿಸಿತು. ಕಾನೂನು, ತೋಟ ಎರಡೂ ಬಂದವು. ಬೇಡಿಕೆ ಅವೆರಡಕ್ಕೂ ಮುಂಚೆ ಬಂದಿತ್ತು.

ಕೊನೆಗೆ ಏನಾಯಿತು? 2008ರಲ್ಲಿ ಯೂನಿಲಿವರ್ ಯೋಜನೆಯನ್ನೇ ನಿಲ್ಲಿಸಿತು. ಅಧಿಕ ತೂಕದ 49 ಮಹಿಳೆಯರಿಗೆ 15 ದಿನ ಹೂಡಿಯಾ ಸಾರ ಬೆರೆಸಿದ ಮೊಸರಿನ ಪಾನೀಯ ಕೊಟ್ಟು ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಉಂಡ ಆಹಾರದ ಪ್ರಮಾಣವಾಗಲಿ ತೂಕವಾಗಲಿ ಇಳಿದಿರಲಿಲ್ಲ. ಬದಲಿಗೆ ವಾಕರಿಕೆ, ರಕ್ತದೊತ್ತಡದ ಏರಿಕೆ, ಹೃದಯ ಬಡಿತದ ಏರಿಕೆ ಕಂಡಿದ್ದವು. ಹಸಿದ ಬೇಟೆಗಾರ ಹಸಿ ಕಾಂಡವನ್ನು ಅಗಿಯುವುದು ಒಂದು, ಹೊಟ್ಟೆ ತುಂಬಿದವರು ಅದರ ಸಾರವನ್ನು ದಿನವೂ ಕುಡಿಯುವುದು ಇನ್ನೊಂದು. ತೋಟಗಳನ್ನು ನಂಬಿ ಕೂತ ಬೆಳೆಗಾರರಿಗೂ, ರಾಯಧನ ನಂಬಿದ ಸ್ಯಾನ್ ಜನರಿಗೂ ಕೈಗೆ ಬಂದದ್ದು ಅಷ್ಟಕ್ಕಷ್ಟೆ.

ಇಷ್ಟಾದರೂ ಹೂಡಿಯಾ ಬಿತ್ತುವುದು ಕಷ್ಟದ ಕೆಲಸವೇನಲ್ಲ. ಬಿತ್ತಿ ನೋಡಿದ ಯಾರಾದರೂ ಇದನ್ನು ಒಪ್ಪುತ್ತಾರೆ. ಎಕ್ಕದ ಕಾಯಿ ಒಡೆಯುವುದನ್ನು ಕಂಡವರಿಗೆ ಇದರ ಕಾಯಿ ಹೊಸದಲ್ಲ. ಎರಡು ಕೋಡುಗಳ ಜೋಡಿ. ಬಲಿತಾಗ ಉದ್ದಕ್ಕೆ ಬಿರಿಯುತ್ತದೆ. ಒಳಗೆ ಚಪ್ಪಟೆ ಕಂದು ಬೀಜಗಳು ಒತ್ತೊತ್ತಾಗಿ ಕೂತಿರುತ್ತವೆ, ಒಂದೊಂದಕ್ಕೂ ಬಿಳಿ ರೇಷ್ಮೆ ಎಳೆಗಳ ಜುಟ್ಟು. ಕಾಯಿ ಬಿರಿಯುವ ಮೊದಲೇ ದಾರ ಸುತ್ತಿಯೋ ತೆಳ್ಳನೆ ಬಟ್ಟೆ ಕಟ್ಟಿಯೋ ಇಡದಿದ್ದರೆ ಗಾಳಿ ಅಷ್ಟನ್ನೂ ಹಾರಿಸಿಕೊಂಡು ಹೋಗುತ್ತದೆ. ಜುಟ್ಟು ಕಿತ್ತು ಬೀಜವನ್ನು ಒರಟು ಮರಳು, ಇಟ್ಟಿಗೆ ಚೂರು, ಸ್ವಲ್ಪ ಎಲೆಗೊಬ್ಬರ ಬೆರೆಸಿದ ಮಣ್ಣಿನ ಮೇಲೆ ಹರಡಿ, ಮೇಲೆ ತೆಳುವಾಗಿ ಸಣ್ಣ ಜಲ್ಲಿ ಉದುರಿಸಬೇಕು. 25ರಿಂದ 30 ಡಿಗ್ರಿ ಬಿಸಿ, ಹದವಾದ ತೇವ, ನೇರ ಬಿಸಿಲು ಬೀಳದ ಬೆಳಕು. ಬೀಜ ತಾಜಾ ಆಗಿದ್ದರೆ ವಾರದೊಳಗೆ ಮೊಳಕೆ ಕಾಣುತ್ತದೆ. ಗುಂಡಗಿನ ದಪ್ಪ ಕಾಂಡ, ಅದರ ತುದಿಯಲ್ಲಿ ಎರಡು ಪುಟ್ಟ ಬೀಜದಳ. ಕೆಲವು ವಾರಗಳಲ್ಲಿ ಅವುಗಳ ನಡುವಿನಿಂದ ಮೊದಲ ಗಂಟುಗಳೂ ಮೆತ್ತನೆಯ ಮುಳ್ಳುಗಳೂ ಮೂಡುತ್ತವೆ. ಹಳೆಯ ಬೀಜ ನೋಡಲು ಹೊಸದರಂತೆಯೇ ಇರುತ್ತದೆ, ಆದರೆ ಮೊಳೆಯುವ ಶಕ್ತಿ ಬೇಗ ಕುಂದುತ್ತದೆ. ವರ್ಷಗಟ್ಟಲೆ ಪೊಟ್ಟಣದಲ್ಲಿ ಕೂತ ಬೀಜಕ್ಕೆ ದುಡ್ಡು ಕೊಡುವುದು ದಂಡ.

ಕಷ್ಟ ಶುರುವಾಗುವುದು ಮೊಳಕೆ ಬಂದ ಮೇಲೆ. ಸಸಿಮಡಿಯಲ್ಲಿ ತಂಬಾಕು, ಮೆಣಸಿನ ಅಗೆ ಹಾಕಿದವರಿಗೆಲ್ಲ ಗೊತ್ತಿರುವ ಸಸಿ ಕೊಳೆ ರೋಗ ಇಲ್ಲಿಯೂ ದೊಡ್ಡ ಶತ್ರು. ಸಂಜೆ ನೆಟ್ಟಗಿದ್ದ ಸಸಿ ಬೆಳಗ್ಗೆ ಬುಡ ನೀರಾಗಿ ಮಲಗಿರುತ್ತದೆ, ಎರಡು ದಿನದಲ್ಲಿ ಪಕ್ಕದವೂ ಮಲಗುತ್ತವೆ. ಮಣ್ಣನ್ನು ಮೊದಲೇ ಆವಿಯಲ್ಲಿ ಬೇಯಿಸುವುದು, ಕುದಿನೀರು ಸುರಿದು ಆರಿಸುವುದು, ಕೆಳಗಿನಿಂದ ನೀರು ಹೀರಿಸುವುದು, ಗಾಳಿಯಾಡಿಸುವುದು, ಇವೆಲ್ಲ ಕೈಯಲ್ಲಿರುವ ಉಪಾಯಗಳು. ಕಳ್ಳಿ ಬೀಜಗಳಿಗೆ ಹವ್ಯಾಸಿಗಳು ಇನ್ನೊಂದು ದಾರಿ ಹಿಡಿದಿದ್ದಾರೆ. ಶುದ್ಧ ಮಾಡಿದ ಮಣ್ಣಿನ ಕುಂಡವನ್ನು ಬಿತ್ತಿದ ಕೂಡಲೇ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ವಾರಗಟ್ಟಲೆ ಹಾಗೆಯೇ ಬಿಡುವುದು. ಎಳೆಯ ಕಳ್ಳಿಗೆ ಅದು ಸರಿ. ಹೂಡಿಯಾದಂಥವಕ್ಕೆ ಅಷ್ಟು ದಿನ ಮುಚ್ಚಿಟ್ಟರೆ ಕೊಳೆ ಖಚಿತ. ಮರುಭೂಮಿಯ ಗಿಡಕ್ಕೆ ನೀರು ಬೇಡ ಎಂಬ ನಂಬಿಕೆಯೂ ಸಸಿಗಳನ್ನು ಕೊಲ್ಲುತ್ತದೆ. ಬಲಿತ ಗಿಡ ತಿಂಗಳುಗಟ್ಟಲೆ ನೀರಿಲ್ಲದೆ ಇದ್ದೀತು, ಎಳೆಯದಕ್ಕೆ ಅಷ್ಟು ನೀರು ಕೂಡಿಡುವ ಮೈ ಇನ್ನೂ ಬಂದಿರುವುದಿಲ್ಲ. ಕಾಡಿನಲ್ಲಿಯೂ ಬದುಕುಳಿಯುವ ಸಸಿಗಳಲ್ಲಿ ಹೆಚ್ಚಿನವು ಪೊದೆಯ ನೆರಳಿನಲ್ಲಿ, ಕಲ್ಲಿನ ಮಗ್ಗುಲಲ್ಲಿ ಹುಟ್ಟಿದವು. ಮೇಯಿಸಿ ಮೇಯಿಸಿ ಪೊದೆ ಬರಿದಾದ ನೆಲದಲ್ಲಿ ಬೀಜ ಬಿದ್ದರೂ ಸಸಿ ನಿಲ್ಲುವುದಿಲ್ಲ.

ಕನ್ನದ ಸಂಗತಿ ಬೇರೆ. ಕನ್ನ ಎಂದರೆ ಸೆಲೀಶಿಯಮ್ ಟಾರ್ಚುಓಸಮ್, ದಕ್ಷಿಣ ಆಫ್ರಿಕದ ಕರೂ ಸೀಮೆಯಲ್ಲಿ ನೆಲಕ್ಕೆ ಅಂಟಿ ಹಬ್ಬುವ, ನೀರು ತುಂಬಿದ ಎಲೆಯ ಪುಟ್ಟ ಗಿಡ. ಸ್ಯಾನ್ ಮತ್ತು ಖೋಯ್ ಜನ ಇದನ್ನು ಜಜ್ಜಿ, ಚೀಲದಲ್ಲಿ ಮುಚ್ಚಿ ಹುದುಗಿಸಿ, ಒಣಗಿಸಿ ಅಗಿಯುತ್ತಿದ್ದರು. ದಣಿವು, ದುಗುಡ, ಹಲ್ಲುನೋವು ಎಲ್ಲಕ್ಕೂ ಅದು ಮದ್ದು. ಕೇಪ್‌ನ ಡಚ್ ಅಧಿಕಾರಿ ಸೈಮನ್ ವ್ಯಾನ್ ಡರ್ ಸ್ಟೆಲ್ 1685ರಲ್ಲಿ ನಮಾಕ್ವಾಲ್ಯಾಂಡಿಗೆ ಹೋದಾಗ ಈ ಗಿಡದ ಚಿತ್ರವನ್ನೂ ಬಳಕೆಯನ್ನೂ ದಾಖಲಿಸಿಕೊಂಡಿದ್ದಾನೆ. ಇದರಲ್ಲಿರುವ ಮೆಸೆಂಬ್ರೀನ್ ಮೊದಲಾದ ಆಲ್ಕಲಾಯ್ಡ್‌ಗಳು ಮಿದುಳಿನ ಸೆರೊಟೋನಿನ್ ಮೇಲೆ ಕೆಲಸ ಮಾಡುತ್ತವೆ. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು.

ಕನ್ನದ ಬೀಜಕೋಶ ನೋಡುವಂಥದ್ದು. ಒಣಗಿದಾಗ ಬಿಗಿಯಾಗಿ ಮುಚ್ಚಿದ ಮರದ ಗುಂಡಿ. ಒಂದು ಹನಿ ನೀರು ಬಿಟ್ಟು ಕಾದರೆ ಕೆಲವೇ ನಿಮಿಷಗಳಲ್ಲಿ ಮುಚ್ಚಳದ ಪಕಳೆಗಳು ಹೊರಕ್ಕೆ ಬಾಗಿ ನಕ್ಷತ್ರದ ಆಕಾರದಲ್ಲಿ ತೆರೆದುಕೊಳ್ಳುತ್ತವೆ. ಮುಂದಿನ ಹನಿ ಬಿದ್ದಾಗ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಬೀಜಗಳು ಅದರ ಹೊಡೆತಕ್ಕೆ ಹೊರಗೆ ಸಿಡಿಯುತ್ತವೆ. ಮಳೆ ನಿಂತು ಒಣಗಿದರೆ ಕೋಶ ಮತ್ತೆ ಮುಚ್ಚಿಕೊಳ್ಳುತ್ತದೆ. ಮಳೆ ಖಾತ್ರಿಯಾಗದೆ ಬೀಜವನ್ನು ನೆಲಕ್ಕೆ ಕೊಡಬಾರದೆಂಬ ಏರ್ಪಾಟು ಇದು. ಬೀಜಗಳೂ ಒಂದೇ ಸಲ ಮೊಳೆಯುವುದಿಲ್ಲ. ಕೆಲವು ಈ ಮಳೆಗೆ, ಕೆಲವು ಮುಂದಿನ ಮಳೆಗೆ. ಕರೂ ಸೀಮೆಯಲ್ಲಿ ಒಂದು ಮಳೆಯನ್ನು ನಂಬಿ ಎಲ್ಲವನ್ನೂ ಬಿತ್ತಿಬಿಡುವ ಗಿಡ ಉಳಿಯುವುದಿಲ್ಲ. ಬೆಳೆಗಾರನಿಗೆ ಮಾತ್ರ ಇದು ತಲೆನೋವು. ಒಂದೇ ಮಡಿಯಲ್ಲಿ ಬಿತ್ತಿದ್ದು ವಾರಗಟ್ಟಲೆ, ತಿಂಗಳುಗಟ್ಟಲೆ ಒಂದೊಂದಾಗಿ ಏಳುತ್ತದೆ.

ಅದಕ್ಕಿಂತ ದೊಡ್ಡ ತಲೆನೋವು ಗುಣದಲ್ಲಿ. ಕನ್ನದ ಆಲ್ಕಲಾಯ್ಡ್ ಪ್ರಮಾಣ ಊರಿಂದ ಊರಿಗೆ, ಗಿಡದಿಂದ ಗಿಡಕ್ಕೆ ಬೇರೆ. ಬೀಜದಿಂದ ಬಂದ ನೂರು ಸಸಿಗಳು ನೂರು ಬಗೆ. ಔಷಧಿ ಕಂಪನಿಗೆ ಬೇಕಿರುವುದು ಪ್ರತಿ ಮಾತ್ರೆಯಲ್ಲೂ ಒಂದೇ ಅಳತೆಯ ಸತ್ವ. ಆದ್ದರಿಂದ ಅವರು ಒಳ್ಳೆಯ ಗಿಡ ಒಂದನ್ನು ಆರಿಸಿ ಅದರ ತುಂಡುಗಳನ್ನೇ ನೆಡುತ್ತಾರೆ. ತಪ್ಪೇನಿಲ್ಲ, ನಮ್ಮಲ್ಲಿ ಬಾಳೆ ಕಂದನ್ನು ಹೀಗೆಯೇ ನೆಡುತ್ತೇವೆ. ಆದರೆ ತುಂಡಿನಿಂದ ಬೆಳೆದ ತೋಟ ಎಷ್ಟೇ ಎಕರೆ ಇದ್ದರೂ ಲೆಕ್ಕಕ್ಕೆ ಅದು ಒಂದೇ ಗಿಡ. ಬೆಟ್ಟದಲ್ಲಿ ಗಿಡ ಮುಗಿದ ದಿನ ಅದನ್ನು ಮತ್ತೆ ನೆಡಲು ಆ ತೋಟ ಉಪಯೋಗಕ್ಕೆ ಬಾರದು. ಬೀಜದ ತೋಟ, ತುಂಡಿನ ತೋಟ ಎರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ತುಂಡಿನದು ಕಾರ್ಖಾನೆಗೆ, ಬೀಜದ್ದು ನೆಲಕ್ಕೆ. ಔಷಧಿ ಸಸ್ಯಗಳ ಕೃಷಿ ಎಂದು ಬರೆಯುವವರು ಈ ವ್ಯತ್ಯಾಸ ಮರೆತು ಎಕರೆಗಳ ಲೆಕ್ಕ ಒಪ್ಪಿಸುವುದು ನನಗೆ ಸರಿಕಾಣುವುದಿಲ್ಲ.

ಈಗ ಕರೂ ಸೀಮೆಯ ಪರಿಸ್ಥಿತಿ ಇನ್ನೂ ಬಿಗಡಾಯಿಸಿದೆ. ಸುಮಾರು 6,000 ಸಸ್ಯ ಪ್ರಭೇದಗಳಿರುವ ಈ ಪ್ರದೇಶದಿಂದ 2019ರಿಂದೀಚೆಗೆ ಕದ್ದು ಸಾಗಿಸುವಾಗ ಸಿಕ್ಕಿಬಿದ್ದ ರಸಭರಿತ ಗಿಡಗಳೇ ಹತ್ತು ಲಕ್ಷ ಮೀರಿವೆ. ಬಹುಪಾಲು ಕೋನೋಫೈಟಮ್‌ನಂಥ ಅಲಂಕಾರದ ಗಿಡಗಳು. ಮದ್ದಿಗೂ ಅವಕ್ಕೂ ಸಂಬಂಧವಿಲ್ಲ, ಆದರೆ ಒಮ್ಮೆ ಕಳ್ಳದಾರಿ ತೆರೆದುಕೊಂಡರೆ ಕನ್ನವೂ ಅದೇ ದಾರಿಯಲ್ಲಿ ಹೋಗುತ್ತದೆ. ದಕ್ಷಿಣ ಆಫ್ರಿಕ 2022ರಲ್ಲಿ ಈ ಕಳ್ಳಸಾಗಣೆ ತಡೆಯಲೆಂದೇ ರಾಷ್ಟ್ರೀಯ ಕಾರ್ಯತಂತ್ರ ಪ್ರಕಟಿಸಬೇಕಾಯಿತು.

ಇವುಗಳ ಎದುರು ಏಲೋ ಫೆರಾಕ್ಸ್ ಒಂದು ಸಮಾಧಾನ. ಲೋಳೆಸರದ ಈ ದೊಡ್ಡಣ್ಣ ಒಂಟಿ ಕಾಂಡದ ಮೇಲೆ ಆಳೆತ್ತರ ಮೀರಿ ಬೆಳೆಯುತ್ತದೆ. ನಮ್ಮ ಲೋಳೆಸರದ ಹಾಗೆ ಬುಡದಲ್ಲಿ ಮರಿ ಹಾಕುವುದಿಲ್ಲ, ಬೀಜವೇ ಗತಿ. ಈಸ್ಟರ್ನ್ ಕೇಪ್, ವೆಸ್ಟರ್ನ್ ಕೇಪ್‌ಗಳಲ್ಲಿ ರಸ ತೆಗೆಯುವವರು ಗಿಡದ ಕೆಳಗಿನ ಬಲಿತ ಎಲೆಗಳನ್ನು ಮಾತ್ರ ಕುಯ್ಯುತ್ತಾರೆ. ನೆಲದಲ್ಲಿ ತಗ್ಗು ತೋಡಿ, ಅದರೊಳಗೆ ಹಾಳೆ ಹಾಸಿ, ಸುತ್ತ ಎಲೆಗಳನ್ನು ಕುಯ್ದ ಬಾಯಿ ಒಳಕ್ಕೆ ಬರುವಂತೆ ಒಟ್ಟಿದರೆ ಕಹಿಯಾದ ಹಳದಿ ರಸ ತಾನಾಗಿ ಇಳಿಯುತ್ತದೆ. ಅದನ್ನು ಕುದಿಸಿ ಗಟ್ಟಿ ಮಾಡಿದ್ದೇ ಶತಮಾನಗಳಿಂದ ಯುರೋಪಿಗೆ ಹೋಗುತ್ತಿರುವ ಕೇಪ್ ಏಲೋ, ಭೇದಿ ಮಾಡಿಸುವ ಮದ್ದು. ತುದಿಯ ಎಲೆಗಳು ಉಳಿದಿರುವುದರಿಂದ ಗಿಡ ಬದುಕುತ್ತದೆ, ಹೂ ಬಿಡುತ್ತದೆ, ಬೀಜ ಉದುರಿಸುತ್ತದೆ. ಕೊಯ್ಲಿನ ರೀತಿ ಸರಿಯಿದ್ದರೆ ಬಿತ್ತನೆಯ ಅರ್ಧ ಭಾರ ಇಳಿಯುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಮನೆಯಲ್ಲಿ ಬಿತ್ತುವವರಿಗೆ ಒಂದು ಎಚ್ಚರಿಕೆ. ಏಲೋಗಳು ಸುಲಭವಾಗಿ ಬೆರಕೆಯಾಗುತ್ತವೆ. ನಾಲ್ಕು ಬಗೆಯ ಏಲೋ ಇರುವ ತೋಟದಿಂದ ಬಂದ ಬೀಜ ಯಾವ ಏಲೋ ಆಗುತ್ತದೆಂದು ಹೇಳಲಾಗದು. ಒಂದೇ ಗಿಡವಿದ್ದರೆ ಸಾಮಾನ್ಯವಾಗಿ ಬೀಜವೇ ಕಟ್ಟುವುದಿಲ್ಲ.

ನಿಧಾನವಾಗಿ ಬೆಳೆಯುವುದರಲ್ಲಿ ಎಲ್ಲಕ್ಕೂ ಮುಂದಿರುವುದು ಪೆಯೋಟಿ. ದಕ್ಷಿಣ ಟೆಕ್ಸಾಸ್ ಮತ್ತು ಮೆಕ್ಸಿಕೊದ ಮುಳ್ಳಿಲ್ಲದ, ನೆಲಮಟ್ಟದ ಈ ಕಳ್ಳಿ ಕಾಡಿನಲ್ಲಿ ಬಲಿಯಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಮೆಕ್ಸಿಕೊದ ವಿಶಾರಿಕ ಜನರಿಗೂ ಅಮೆರಿಕದ ಮೂಲನಿವಾಸಿಗಳ ಚರ್ಚಿಗೂ ಇದು ಮದ್ದೂ ಹೌದು, ಪ್ರಸಾದವೂ ಹೌದು. ಅದರಲ್ಲಿರುವ ಮೆಸ್ಕಲಿನ್‌ನಿಂದಾಗಿ ಹಲವು ದೇಶಗಳಲ್ಲಿ ಕಾನೂನಿನ ಕಟ್ಟುಪಾಡಿದೆ. ಕುತೂಹಲಕ್ಕೆಂದು ತರಿಸಿ ಬೆಳೆಸುವ ಗಿಡ ಇದಲ್ಲ. ಅಲ್ಲಿನ ಮೂಲನಿವಾಸಿಗಳೇ ಸೇರಿ ದಕ್ಷಿಣ ಟೆಕ್ಸಾಸ್‌ನಲ್ಲಿ 605 ಎಕರೆ ಜಮೀನು ಪಡೆದು, ಉಳಿದಿರುವ ಗಿಡಗಳನ್ನು ಕಾಯುತ್ತಾ ಸಸಿ ಮಾಡಿ ನೆಲಕ್ಕೆ ಮರಳಿಸಲು ಮುಂದಾಗಿದ್ದಾರೆ. ಬೀಜ, ನೆಲ, ತಿಳಿವಳಿಕೆ ಮೂರೂ ಒಂದೇ ಜನರ ಕೈಯಲ್ಲಿರುವ ಈ ಪ್ರಯತ್ನ ನನಗೆ ಉಳಿದೆಲ್ಲವುಗಳಿಗಿಂತ ಹೆಚ್ಚು ಭರವಸೆ ಕೊಡುತ್ತದೆ.

ಇನ್ನು ನಮ್ಮ ಕಡೆಗೆ. ಗುಗ್ಗುಳ ಕಟ್ಟುನಿಟ್ಟಾಗಿ ರಸಭರಿತ ಗಿಡಗಳ ಗುಂಪಿನದಲ್ಲದಿದ್ದರೂ ಅದನ್ನು ಬಿಡುವಂತಿಲ್ಲ. ರಾಜಸ್ಥಾನ, ಕಚ್ಛ್ ಕಡೆಯ ಈ ಮುಳ್ಳುಪೊದೆಯ ಅಂಟಿಗಾಗಿ ರಾಸಾಯನಿಕ ಹಚ್ಚಿ, ಆಳವಾಗಿ ಕಚ್ಚು ಹಾಕಿ ಗಿಡಗಳನ್ನೇ ಕೊಂದದ್ದರಿಂದ ಅದೀಗ ಪ್ರಕೃತಿ ಸಂರಕ್ಷಣೆಯ ಅಂತಾರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಪಟ್ಟಿಯಲ್ಲಿ ತೀವ್ರ ಅಪಾಯದ ಹಂತದಲ್ಲಿದೆ. ಬೀಜದಿಂದ ಮೊಳೆಯುವ ಪ್ರಮಾಣವೂ ತೀರಾ ಕಡಿಮೆ.

ನಮ್ಮ ಬಯಲುಸೀಮೆಗೆ ಹತ್ತಿರದ ಗಿಡ ಕ್ಯಾರಲುಮಾ ಫಿಂಬ್ರಿಯಾಟಾ. ಬಂಡೆಗಳ ಸಂದಿಯಲ್ಲಿ, ಒಣ ಹುಲ್ಲಿನ ನಡುವೆ ಎಲೆಯಿಲ್ಲದ ನಾಲ್ಕು ಮೂಲೆಯ ಬೂದು ಹಸಿರು ಕಡ್ಡಿಗಳು. ಇದೂ ಎಕ್ಕದ ಕುಟುಂಬವೇ, ಹೂಡಿಯಾದ ನಂಟಸ್ತಿಕೆಯೇ. ಒಳಗಿರುವ ಪ್ರೆಗ್ನೇನ್ ಗ್ಲೈಕೋಸೈಡ್ ಎಂಬ ಸಂಯುಕ್ತಗಳೂ ಪಿ57ರ ಜಾತಿಯವೇ. ದಕ್ಷಿಣ ಭಾರತದ ಒಣನಾಡುಗಳಲ್ಲಿ ಇದನ್ನು ಹಸಿಯಾಗಿಯೂ ಬೇಯಿಸಿಯೂ ತಿನ್ನುವುದುಂಟು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 50 ಜನರ ಮೇಲೆ 60 ದಿನ ನಡೆಸಿದ ಪರೀಕ್ಷೆ 2007ರಲ್ಲಿ ಪ್ರಕಟವಾಯಿತು. ದಿನಕ್ಕೆ 1 ಗ್ರಾಂ ಸಾರ ತೆಗೆದುಕೊಂಡವರಲ್ಲಿ ಹಸಿವೂ ಸೊಂಟದ ಸುತ್ತಳತೆಯೂ ಕೊಂಚ ತಗ್ಗಿದ್ದವು. ತೂಕದ ಇಳಿಕೆ ಮಾತ್ರ ಹುಸಿಮಾತ್ರೆ ನುಂಗಿದವರಿಗಿಂತ ಗಮನಾರ್ಹವಾಗಿ ಬೇರೆಯಾಗಿರಲಿಲ್ಲ. ಇಷ್ಟೇ ಸಾಕಾಯಿತು, ಇದರ ಸಾರ ತುಂಬಿದ ಡಬ್ಬಿಗಳು ಇಂದು ಹಲವು ದೇಶಗಳ ಅಂಗಡಿಗಳಲ್ಲಿವೆ. ಹೂಡಿಯಾಕ್ಕೆ ಆದದ್ದೆಲ್ಲ ಇಲ್ಲಿಯೂ ಆಗಬಹುದಾದ ಪರಿಸ್ಥಿತಿ ಇದು. ವ್ಯತ್ಯಾಸವೆಂದರೆ ನಮಗೆ ಹೂಡಿಯಾದ ಪಾಠ ಮೊದಲೇ ಸಿಕ್ಕಿದೆ.

ಈ ಗಿಡವನ್ನು ಬೆಳೆಸಲು ದೊಡ್ಡ ತಂತ್ರಜ್ಞಾನ ಬೇಡ. ಕಡ್ಡಿ ಮುರಿದು, ಗಾಯ ಒಣಗಿಸಿ ನೆಟ್ಟರೆ ಬರುತ್ತದೆ. ಅದಕ್ಕೇ ಎಲ್ಲರೂ ಕಡ್ಡಿಯನ್ನೇ ನೆಡುತ್ತಾರೆ, ಬೀಜದ ಗೋಜಿಗೆ ಹೋಗುವುದಿಲ್ಲ. ಬೀಜದ ಕಾಯಿ ಕಟ್ಟಬೇಕಾದರೆ ನೊಣಗಳು ಬರಬೇಕು. ಈ ಕುಟುಂಬದಲ್ಲಿ ಪರಾಗ ಪುಡಿಯಾಗಿ ಉದುರುವುದಿಲ್ಲ, ಪುಟ್ಟ ಗಂಟುಗಳಾಗಿ ನೊಣದ ಕಾಲಿಗೋ ಮೂತಿಗೋ ಸಿಕ್ಕಿಕೊಂಡು ಹೋಗಬೇಕು. ಬಲೆ ಕಟ್ಟಿದ ನರ್ಸರಿಯಲ್ಲಿ ಕಾಯಿ ಬಾರದ್ದಕ್ಕೆ ಕಾರಣ ಇದೇ. ಬೇರೆಬೇರೆ ಬೆಟ್ಟಗಳಿಂದ ಸ್ವಲ್ಪಸ್ವಲ್ಪ ಬೀಜ ತಂದು, ಎಲ್ಲಿಯದೆಂದು ಬರೆದಿಟ್ಟು, ಬಯಲಿನಲ್ಲಿ ತಾಯಿತೋಟ ಮಾಡುವುದು ಕಾಲೇಜುಗಳಿಗೂ ಅರಣ್ಯ ಇಲಾಖೆಗೂ ಕೈಗೆಟುಕುವ ಕೆಲಸ. ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಿಂದ ಔಷಧಿ ಸಸ್ಯಗಳನ್ನು ಅವು ಹುಟ್ಟಿದ ಜಾಗದಲ್ಲೇ ಕಾಯುವ ಕೆಲಸದಲ್ಲಿ ತೊಡಗಿದೆ. ಆ ಅನುಭವ ನಮ್ಮ ನಡುವೆಯೇ ಇದೆ. 2002ರ ಜೀವವೈವಿಧ್ಯ ಕಾಯ್ದೆ ಲಾಭದ ಪಾಲನ್ನು ಸ್ಥಳೀಯರಿಗೆ ಕೊಡಬೇಕೆಂದು ಹೇಳುತ್ತದೆ. ಕ್ಯಾರಲುಮಾ ತಿನ್ನುವ ಹಳ್ಳಿಗಳ ಹೆಸರು ಆ ಲೆಕ್ಕದ ಪುಸ್ತಕದಲ್ಲಿ ಬರುವಂತೆ ಈಗಲೇ ನೋಡಿಕೊಳ್ಳಬೇಕು, ಇನ್ನೊಂದು ಹೋರಾಟ ನಡೆದ ಮೇಲಲ್ಲ.

ಒಂದು ಆಕ್ಷೇಪಣೆ ಉಳಿಯುತ್ತದೆ. ತೋಟದ್ದೆಂದು ಚೀಟಿ ಹಚ್ಚಿ ಬೆಟ್ಟದ ಗಿಡವನ್ನೇ ಮಾರಿದರೆ? ಹಾಗೆ ಮಾರುವವರಿದ್ದಾರೆ. ಬಿತ್ತನೆಗೆ ಅನುಮತಿ ಸಿಕ್ಕಿದ ಜಾಗದಲ್ಲೇ ಕಳ್ಳಮಾಲಿಗೂ ಮರೆ ಸಿಗುತ್ತದೆ. ಇದಕ್ಕಾಗಿ ಬಿತ್ತನೆಯನ್ನೇ ನಿಲ್ಲಿಸಬೇಕೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಬೀಜದಿಂದ ಬಂದ ಗಿಡ ತನ್ನ ಮೈಮೇಲೆಯೇ ಗುರುತು ಹೊತ್ತಿರುತ್ತದೆ. ಒಂದೇ ಮಡಿಯ ಗಿಡಗಳು ಹೆಚ್ಚುಕಡಿಮೆ ಒಂದೇ ಗಾತ್ರ, ಮೈ ನುಣುಪು, ಬೇರು ಕುಂಡದ ಆಕಾರಕ್ಕೆ ಸುತ್ತಿಕೊಂಡಿರುತ್ತದೆ. ಬೆಟ್ಟದಿಂದ ಕಿತ್ತದ್ದಕ್ಕೆ ಬಿಸಿಲಿನ ಕಲೆ, ಮೇಕೆ ಕಚ್ಚಿದ ಗಾಯ, ಕತ್ತರಿಸಿದ ಬೇರು. ಹವ್ಯಾಸಿಗಳು ಇಷ್ಟನ್ನು ನೋಡಲು ಕಲಿತರೆ ಕಳ್ಳಮಾಲಿನ ಒಂದು ಬಾಗಿಲಾದರೂ ಮುಚ್ಚುತ್ತದೆ.

ಆದ್ದರಿಂದ ಬಿತ್ತಬೇಕೆನ್ನುವವರಿಗೆ ನನ್ನ ವಿನಂತಿ ಇಷ್ಟೆ. ಬೀಜ ಮಾರುವವರನ್ನು ಎರಡು ಪ್ರಶ್ನೆ ಕೇಳಿ: ತಾಯಿಗಿಡ ಎಲ್ಲಿಯದು, ಬೀಜ ಯಾವ ವರ್ಷದ್ದು? ಹೊರದೇಶದ್ದಾದರೆ ಸೈಟಿಸ್ ಕಾಗದವನ್ನೂ ಸಸ್ಯ ಆರೋಗ್ಯ ಪ್ರಮಾಣಪತ್ರವನ್ನೂ ಕೇಳಿ. ಉತ್ತರ ಬಾರದಿದ್ದರೆ ಕೊಳ್ಳಬೇಡಿ. ಹೂಡಿಯಾ ಸಿಗಲಿಲ್ಲವೆಂದು ಬೇಸರ ಬೇಡ. ಊರ ಪಕ್ಕದ ಗುಡ್ಡದಲ್ಲಿ ಕ್ಯಾರಲುಮಾ ಕಾಯಿ ಬಲಿತಿದ್ದರೆ ಊರವರನ್ನು ಕೇಳಿ, ಸಂಬಂಧಪಟ್ಟವರ ಅನುಮತಿ ಪಡೆದು, ಕೆಲವೇ ಬೀಜ ತಂದು ಬಿತ್ತಿ, ಉಳಿದದ್ದನ್ನು ಗಾಳಿಗೆ ಬಿಡಿ. ಕಿತ್ತು ತರಬೇಡಿ.